ಕಾಲಿನವನು

ಹೆಣ್ಣುಗೊಂಬೆಗೆ ಪಾದ ಇರುವುದಿಲ್ಲ, ತಾಯಿ.
ಗಂಡುಗೊಂಬೆಗಿದೆ, ಮರದ್ದು, ಹಿಮ್ಮಡಿಗೊಂದು ಕೊಕ್ಕೆ.
ಹೆಣ್ಣಿಗೆ ಬರೀ ಕಿಮೊನೊದ ಅಂಚು,
ಒಳಗೆ ನನ್ನೆರಡು ಮುಷ್ಟಿ.
ಅಂಚನ್ನು ಬೆರಳಲ್ಲಿ ಚಿವುಟಿ ಹಿಡಿದು
ಒಂದು ಮುಂದೆ, ಒಂದು ಹಿಂದೆ.
ನಡೆದಳು ಅನ್ನುತ್ತಾರೆ ಜನ.

ಇಷ್ಟು ಹೇಳಿದ್ದು ಕಾಯೆ ಎಂಬ ಹುಡುಗಿಗೆ,
ಒಸಾಕಾದ ಹಸಿರು ಗೋಡೆಯ ಕೋಣೆಯಲ್ಲಿ.
ಬೊಗಸೆ ತುಂಬ ಬಿಳಿಮಣಿ ಹಿಡಿದಿದ್ದಳು,
ಮಣಿ ಇದ್ದಲ್ಲಿ ಮಾತ್ರ ಆ ಕ್ಯಾಮೆರಾಗಳಿಗೆ ಮೈ ಕಾಣುವುದಂತೆ.
ನನ್ನ ಮಣಿಕಟ್ಟಿಗೆ ಅಂಟಿಸಿದಳು, ಮೊಣಕೈಗೆ ಅಂಟಿಸಿದಳು,
ಖಾಲಿ ಕಿಮೊನೊದ ಅಂಚಿನೊಳಗೆ ಕೈಯಿಟ್ಟು ತಡಕಾಡಿದಳು:
"ಅಜ್ಜಾ, ಕಂಪ್ಯೂಟರು ಪಾದ ಕೇಳುತ್ತಿದೆ."

ಕೇಳಿ ಕೇಳಿ ಬೇಸತ್ತು ಅದು ತಾನೇ ಎರಡು ಕೊಟ್ಟಿತ್ತು.
ಪರದೆಯ ಮೇಲೆ ತೋರಿಸಿದಳು.
ಚೆಂದವೇ ಇದ್ದವು, ಐದೈದು ಬೆರಳು.
ಅಂಗಡಿಗೆ ಹೋಗಿ ಮೊಟ್ಟೆ ತರುವವಳ ನಡಿಗೆ.
ಇವಳು ಸಾಯಲು ಹೊರಟವಳು, ಕಣಮ್ಮ.

ಮೂವರು ಸೇರಿದರೆ ಒಂದು ಗೊಂಬೆ.
ತಲೆ, ಬಲಗೈ ರೊಕುಎಮೊನ್ ಅವರದು,
ಎಡಗೈ ಹಿಸಾಯೊಶಿಯದು,
ಕಾಲು ನನ್ನದು.
ಅವಾಜಿಯ ನಮ್ಮ ಮೇಳದಲ್ಲಿ ಹತ್ತು ವರ್ಷ ಕಾಲು ಹಿಡಿದವನು
ಎಡಗೈಗೆ ಏರುತ್ತಾನೆ, ಆಮೇಲೆ ತಲೆಗೆ.
ನಾನು ನಲವತ್ತೊಂದು ವರ್ಷ ಕಾಲಲ್ಲೇ ಉಳಿದೆ.
ಚಪ್ಪಾಳೆಯಲ್ಲಿ ಅವರಿಗೆ ಮುಕ್ಕಾಲು,
ನನಗೆ ಕಾಲು.
(ಎಡಗೈಯವನು ಲೆಕ್ಕಕ್ಕೇ ಇಲ್ಲ, ಪಾಪ.)
ದೂರಲ್ಲ ಇದು. ಕಾಲು ಹಿಡಿದು ಕೂತವನಿಗೆ
ಕಾಲ ಹೋದದ್ದು ತಿಳಿಯುವುದಿಲ್ಲ.

ಇರುವುದೆಲ್ಲ ಸೊಂಟದಲ್ಲಿ.
ಕಪ್ಪು ಮುಸುಕಿನೊಳಗೆ ಬಗ್ಗಿ ಕೂತಾಗ
ನನ್ನ ತೋಳು ಅವರ ಸೊಂಟಕ್ಕೆ ತಾಗಿರಬೇಕು.
ಅವಳು ತಿರುಗುವ ಮೊದಲು ಅಲ್ಲೊಂದು ಸ್ನಾಯು ಬಿಗಿಯುತ್ತದೆ,
ಅಳುವ ಮೊದಲು ಸಡಿಲವಾಗುತ್ತದೆ.
ಮಾತಿಲ್ಲ. ಊಟದ ಹೊತ್ತಲ್ಲೂ
ಅವರು ನನ್ನೊಡನೆ ಹೆಚ್ಚು ಮಾತಾಡಿದವರಲ್ಲ.
ಒಮ್ಮೆ ತೊಕುಶಿಮಾದಲ್ಲಿ ಜ್ವರ ಮುಚ್ಚಿಟ್ಟು ಆಡಿಸಿದರು;
ಹೆಂಡತಿಗಿಂತ ಮೊದಲು ನನಗೆ ಗೊತ್ತಾಯಿತು,
ತೋಳು ಸುಟ್ಟು.

ಕಳೆದ ವಸಂತದಲ್ಲಿ ಅವರನ್ನು ಇದೇ ಕೋಣೆಯಲ್ಲಿ ಹಿಡಿದಿಟ್ಟರು,
ಒಬ್ಬರನ್ನೇ, ಮೈತುಂಬ ಮಣಿ.
ನನಗೆ ಆ ವಾರ ಕಣ್ಣಿನ ಪೊರೆಯ ಆಪರೇಷನ್ನು.
ಎಲೆ ಕೆಂಪಾಗುವ ಹೊತ್ತಿಗೆ ತೀರಿಕೊಂಡರು.
ಈಗ ಆ ತಲೆಗೆ ಕಾಲು ಕಟ್ಟಬೇಕು,
ಯಾವುದೋ ದೇಶದವರು ಕನ್ನಡಕ ಬಿಗಿದುಕೊಂಡು
ಗೊಂಬೆಯ ಸುತ್ತ ಸುಳಿದು, ಬಗ್ಗಿ, ಹಣಕಿ ನೋಡುವುದಕ್ಕೆ.

ನನಗೂ ಕನ್ನಡಕ ಕಟ್ಟಿದರು.
ಸುಳ್ಳೇಕೆ, ಮೈ ಜುಮ್ಮೆಂದಿತು:
ಅದೇ ಸೊಂಟ, ಅದೇ ಎತ್ತರದ ಮರದ ಪಾದುಕೆ,
ಕೆಮ್ಮು ನುಂಗುವಾಗಿನ ಆ ಚಿಕ್ಕ ಕುಲುಕು ಸಹ.
ಶಾಮಿಸೆನ್ ಮೂರು ಸಲ ಮಿಡಿಯಿತು.
ಒರಗಿದೆ.

ಸೊಂಟ ನನ್ನ ತೋಳನ್ನು ಹಾಯ್ದು ಹೋಯಿತು.
ಗಾಳಿಯ ಹಾಗೆ ಅನ್ನಲಾರೆ,
ಗಾಳಿಗೆ ತಣ್ಣಗಿರುವುದಾದರೂ ಗೊತ್ತು.
ಅರವತ್ತೇಳರ ಮುದುಕ ಧೊಪ್ಪೆಂದು ನೆಲಕ್ಕೆ.

ಬಿದ್ದಲ್ಲಿಂದ ಮೇಲೆ ನೋಡಿದೆ.
ಆಟ ನಿಂತಿರಲಿಲ್ಲ.
ಅವಳು ತಿರುಗಿದಳು, ಇದಿರಿಂದ ಕಂಡಳು.
ಇಷ್ಟು ವರ್ಷ ಅಂಚು ನೋಡಿದವನು
ಹುಬ್ಬು ನೋಡಿದೆ, ಬಾಯಿಯ ಮೂಲೆಯ ಸಣ್ಣ ಮುಳ್ಳು ನೋಡಿದೆ
(ಅಳುವಾಗ ತೋಳು ಸಿಕ್ಕಿಸಿಕೊಳ್ಳುವುದಕ್ಕೆ),
ಒಂದು ಗೇಣು ಮೇಲೆ ತೇಲುತ್ತಿದ್ದಳು,
ನಮ್ಮ ದ್ವೀಪದ ದೆವ್ವಗಳ ಹಾಗೆ, ಪಾದವಿಲ್ಲದೆ.

ಮಲಗಿದಲ್ಲೇ ಹಿಮ್ಮಡಿಯಿಂದ ನೆಲ ಗುದ್ದಿದೆ.
ಅದೂ ಕಾಲಿನವನ ಕೆಲಸವೇ, ಹೆಜ್ಜೆಯ ಸದ್ದು.
ಧಂ.
ಅವಳು ನೆಲಕ್ಕಿಳಿದಂತೆ ಕಂಡಿತು ನನಗೆ.
ಕಾಯೆಗೆ ಹಾಗೇನೂ ಕಾಣಲಿಲ್ಲವಂತೆ.

ಓಡಿ ಬಂದು ಕನ್ನಡಕ ಬಿಚ್ಚಿದಳು, ಮೊಣಕಾಲು ಒತ್ತಿ ನೋಡಿದಳು,
"ಇದನ್ನು ಅಳಿಸಲೇ?" ಅಂದಳು.

ಇರಲಿ ಬಿಡು.
ಆ ಸೊಂಟದ ಎತ್ತರಕ್ಕೆ ಏನಾದರೂ ತಂದಿಡು, ಮಗು.
ಅಕ್ಕಿಮೂಟೆಯಾದರೂ ಆದೀತು.
ಬಿಸಿನೀರಿನ ಚೀಲ ಸಿಕ್ಕರೆ
ಅದನ್ನೂ ಕಟ್ಟು.